ಹಬ್ಬವಿಲ್ಲದ ದಿನದ ಸೀರೆ

ದೇವರ ಮನೆಯ ಮಣೆಯ ಮೇಲೆ ಒಂದು ಸೀರೆಯಿತ್ತು. ದೀಪ ಹಚ್ಚಲೆಂದು ಬಗ್ಗಿದ ಕೆಂಪರಾಜು ಬೆಂಕಿಕಡ್ಡಿ ಗೀರದೆ ಹಾಗೇ ನಿಂತ. ಜಯನಗರದ ಅಂಗಡಿಯ ಕವರಿನಿಂದ ಅರ್ಧ ಹೊರಗೆ ಬಂದಿದ್ದ ಹಸಿರು ಸೀರೆ, ಅದರ ಮೇಲೆ ರವಿಕೆ ಕಣ, ಪಕ್ಕದಲ್ಲಿ ಒದ್ದೆ ಬಟ್ಟೆ ಸುತ್ತಿದ ವೀಳ್ಯದೆಲೆ. ಸಂಕ್ರಾಂತಿ ಕಳೆದಿತ್ತು, ಶಿವರಾತ್ರಿ ದೂರವಿತ್ತು, ಗೌರಿ ಹಬ್ಬದ ಬಾಗಿನಕ್ಕೆ ಇನ್ನೂ ಮಳೆಗಾಲ ಬರಬೇಕಿತ್ತು. ಮನೆಯಲ್ಲಿ ಯಾರೂ ಬಸುರಿಯಿರಲಿಲ್ಲ, ಯಾರ ಗೃಹಪ್ರವೇಶದ ಕರೆಯೂ ಬಂದಿರಲಿಲ್ಲ. ಸೊಸೆ ಹೇಮಶ್ರೀ ತನಗೆಂದು ತಂದುಕೊಂಡಿದ್ದರೆ ಆಗಲೇ ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿರುತ್ತಿದ್ದಳು. ದೇವರ ಮುಂದೆ ಇಟ್ಟಿದ್ದಾರೆ ಎಂದರೆ ಯಾರಿಗೋ ಕೊಡಲಿಕ್ಕೆ. ಎಲೆ ಬಾಡದಂತೆ ಒದ್ದೆ ಬಟ್ಟೆ ಸುತ್ತಿದ್ದಾರೆ ಎಂದರೆ ಇವತ್ತೇ ಕೊಡಲಿಕ್ಕೆ. ಅವನು ಕೈ ಚಾಚಿದ.

“ಮಾವ, ಅದನ್ನ ಮುಟ್ಬೇಡಿ, ಹಂಗೇ ಇರ್ಲಿ,” ಎಂದು ಅಡುಗೆಮನೆಯಿಂದ ಹೇಮಶ್ರೀಯ ದನಿ ಬಂತು.

ಗೋಡೆಯ ಆಚೆ ಇರುವವಳಿಗೆ ತನ್ನ ಕೈ ಹೇಗೆ ಕಂಡಿತು? ಅಂದರೆ ಅವಳ ಮನಸ್ಸು ಬೆಳಗಿನಿಂದ ಇಲ್ಲೇ ಕಾವಲು ಕೂತಿದೆ.

“ಯಾರಿಗಮ್ಮ ಇದು?”

“ಯಾರಿಗೋ ಕೊಡೋದೈತೆ ಮಾವ. ನೀವ್ ಬನ್ನಿ, ಅವರೆಕಾಳು ನೆಂದವೆ, ಒಂದಿಷ್ಟು ಹಿಚುಕಿ ಕೊಡಿ. ಶೃತಿ ಬತ್ತಾಳೆ ಊಟಕ್ಕೆ.”

ಮಗಳು ಬರುತ್ತಾಳೆಂಬುದು ಅವನಿಗೆ ಈಗ ತಿಳಿಯಿತು. ವಿಲ್ಸನ್ ಗಾರ್ಡನ್ನಿನಿಂದ ಬಿಟಿಎಮ್ಮಿಗೆ ಬರಲು ಅವಳಿಗೆ ಭಾನುವಾರ ಬಿಟ್ಟರೆ ಪುರುಸೊತ್ತಿಲ್ಲ, ಸ್ಕೂಲ್ ಟೀಚರು. ಇವತ್ತು ಗುರುವಾರ. ರಜೆ ಹಾಕಿಸಿ ಕರೆಸಿದ್ದಾರೆ. ಅವರೆಬೇಳೆ ಸಾರು ಅವಳಿಗೆ ಇಷ್ಟವೆಂದು ಈ ಮನೆಯಲ್ಲಿ ಇದ್ದಕ್ಕಿದ್ದಂತೆ ನೆನಪಾಗಿದೆ. ಕೆಂಪರಾಜು ದೀಪ ಹಚ್ಚಿದ. ಬತ್ತಿಯ ಬೆಳಕಿನಲ್ಲಿ ಸೀರೆಯ ಅಂಚು ಒಮ್ಮೆ ಹೊಳೆದು ಸುಮ್ಮನಾಯಿತು.

ಬೋಗುಣಿಯನ್ನು ಕಾಲುಗಳ ಮಧ್ಯೆ ಇಟ್ಟುಕೊಂಡು ಬಾಗಿಲಲ್ಲಿ ಕುಳಿತ. ನೆಂದ ಕಾಳನ್ನು ಹೆಬ್ಬೆಟ್ಟು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಕಣ್ಣು ಬೇಡದ ಕೆಲಸ. ಕಣ್ಣು ಎದುರಿನ ತಮ್ಮದೇ ಕಟ್ಟಡದ ಮೇಲಿತ್ತು. ಪಿಜಿಯ ಬಾಲ್ಕನಿಗಳಲ್ಲಿ ಟವೆಲುಗಳು, ಗೇಟಿನ ಮುಂದೆ ಅಡ್ಡಾದಿಡ್ಡಿ ನಿಂತ ಬೈಕುಗಳು, ನೀರಿನ ಟ್ಯಾಂಕರಿನವನ ಜೊತೆ ಅಡುಗೆಯವನ ಜಗಳ. ಅದರ ಬುಡದಲ್ಲಿ ಒಂದು ಕಾಲಕ್ಕೆ ಅಪ್ಪನ ಕನಕಾಂಬರದ ತೋಟವಿತ್ತು. ಈಗ ಮಗ ರವಿಕಿರಣ ಅದನ್ನು ಮಾರಬೇಕೆನ್ನುತ್ತಾನೆ. ಪಿಜಿಯ ರಗಳೆ ಸಾಕಾಗಿದೆಯಂತೆ, ಮಾರಿ ಜಪಾನಿನಲ್ಲಿ ಫ್ಲಾಟು ಕೊಳ್ಳುತ್ತಾನಂತೆ. ಹೊಸದೂ ಅಲ್ಲ, ಇವನಷ್ಟೇ ವಯಸ್ಸಾದ ಹಳೇ ಕಟ್ಟಡದಲ್ಲಿ ಒಂದು ಮನೆ. ದೊಡ್ಡ ಊರಿನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಬಡಾವಣೆ. ಅಲ್ಲಿಯ ದುಡ್ಡು ಇಳಿದಿದೆ, ಬಾಡಿಗೆ ನಿಲ್ಲುವುದಿಲ್ಲ, ಬಾಡಿಗೆದಾರ ತಕರಾರು ಮಾಡುವುದಿಲ್ಲ. ಹೀಗೆ ಹೇಳುವಾಗ ಮಗನ ಮುಖ, ಚಿಕ್ಕಂದಿನಲ್ಲಿ ಸುಳ್ಳು ಹೇಳುವಾಗ ಆಗುತ್ತಿದ್ದಂತೆ, ಬೆಳ್ಳಗಾಗುತ್ತಿತ್ತು. ಅಥವಾ ಅದು ಮೊಬೈಲಿನ ಬೆಳಕೋ. ‘ಖಾತೆ ನಿಮ್ಮ ಹೆಸ್ರಲ್ಲೈತೆ ಅಪ್ಪ, ನಿಮ್ದೊಂದು ಸೈನ್ ಸಾಕು’ ಎಂದಿದ್ದ. ಕೆಂಪರಾಜು ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ತಾನು ಕಾಣದ ನೆಲವನ್ನು ತಾನು ಕೊಂಡದ್ದಿಲ್ಲ. ನೆಲವೇ ಇಲ್ಲದ್ದನ್ನು ಹೇಗೆ ಕಾಣುವುದು? ಅಲ್ಲಿ ಭೂಮಿ ಅಲುಗುತ್ತದಂತೆ. ಅಲ್ಲಿ ಮನೆಗೆ ವಯಸ್ಸಾದಷ್ಟೂ ಬೆಲೆ ಇಳಿಯುತ್ತದಂತೆ, ಮನುಷ್ಯರ ಹಾಗೆ. ಅಂಥದ್ದನ್ನು ಕೊಳ್ಳಲು ಯಾಕಿಷ್ಟು ಅವಸರ?

ರವಿಕಿರಣ ಬೀಗದ ಕೈ ಆಡಿಸುತ್ತ ಮಹಡಿಯಿಂದ ಇಳಿದು ಬಂದ. “ಅಪ್ಪ, ಊಟ ಆದ್ಮೇಲೆ ಚಿದಾನಂದ ವಿಡಿಯೋದಲ್ಲಿ ಬತ್ತಾನೆ. ಮನೆ ಪೂರ್ತಿ ತೋರಿಸ್ತಾನೆ. ಟಿವೀಲಿ ಹಾಕ್ತೀನಿ. ಆ ಹೊಸ ಪಂಚೆ ಉಟ್ಕೊಳಿ.”

“ಜಪಾನಿನೋರು ನನ್ನ ಪಂಚೆ ನೋಡಿ ಮನೆ ಮಾರ್ತಾರೇನೋ?”

“ನೀವೊಬ್ರು.” ಮಗ ನಕ್ಕ. ಚಿದಾನಂದ ಅವನ ಜೊತೆ ಬನಶಂಕರಿಯಲ್ಲಿ ಓದಿದವನು, ಈಗ ಜಪಾನಿನಲ್ಲೇ ಸಂಸಾರ ಹೂಡಿ ನಮ್ಮವರಿಗೆ ಮನೆ ಕೊಡಿಸುವ ಕೆಲಸ ಮಾಡುತ್ತಾನೆ. ಹುಡುಗನಾಗಿದ್ದಾಗ ಈ ಬಾಗಿಲಲ್ಲೇ ಕೂತು ಮುದ್ದೆ ಉಂಡಿದ್ದಾನೆ. ಅದೂ ಕೆಂಪರಾಜುವಿಗೆ ಧೈರ್ಯ ಕೊಡಲಿಲ್ಲ. ಮುದ್ದೆ ಉಂಡವರೆಲ್ಲ ನೆಟ್ಟಗಿದ್ದಾರೆ ಎಂದು ಯಾರು ಹೇಳಿದರು?

“ಆ ಸೀರೆ ಯಾರಿಗೋ?”

ರವಿಕಿರಣನ ಕಣ್ಣು ಮೊದಲು ದೇವರ ಮನೆಯ ಕಡೆ ಹೋಯಿತು. ಆಮೇಲೆ ಬಾಯಿ, “ಯಾವ ಸೀರೆ?” ಎಂದಿತು.

ಕೆಂಪರಾಜು ಇನ್ನೊಂದು ಕಾಳು ಒತ್ತಿದ. ಅದು ಗಟ್ಟಿಯಾಗಿತ್ತು, ಸಿಪ್ಪೆ ಬಿಡಲಿಲ್ಲ, ಉಗುರು ನಾಟಿತು.

ವರ್ಷಗಳ ಹಿಂದೆ ತಂಗಿಗೆ ಕೊಟ್ಟ ಸೀರೆ ಅರಿಶಿನ ಬಣ್ಣದ್ದು, ಕೆಂಪು ಅಂಚು. ಚಿಕ್ಕಪೇಟೆಯಲ್ಲಿ ಅವನೇ ಆರಿಸಿದ್ದ. ಅಂಗಡಿಯವನು ಇನ್ನೂ ಒಳ್ಳೆಯದನ್ನು ಬಿಚ್ಚಿ ತೋರಿಸಿದಾಗ, ಬೇಡ ಇದೇ ಸಾಕು ಎಂದಿದ್ದ. ಆ ‘ಸಾಕು’ ಇವತ್ತಿಗೂ ಒಮ್ಮೊಮ್ಮೆ ನೀರು ಕುಡಿಯುವಾಗ ಗಂಟಲಿಗೆ ಬರುತ್ತದೆ. ತಂಗಿ ಸಪ್ಪಲಮ್ಮ ಸುಬ್ರಹ್ಮಣ್ಯಪುರದಿಂದ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಆವತ್ತೂ ಹಬ್ಬವಿರಲಿಲ್ಲ. ಆವತ್ತೂ ಅವರೆಕಾಯಿಯ ಕಾಲ. ಅವ್ವ ಅವಳನ್ನು ಮಣೆಯ ಮೇಲೆ ಕೂರಿಸಿ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಿ ಸೀರೆ ಇಟ್ಟಳು. ಹೆಣ್ಣುಮಕ್ಕಳಿಂದ ಜಮೀನಿನ ಮೇಲಿನ ಹಕ್ಕು ಬಿಡಿಸಿಕೊಳ್ಳುವಾಗ ಎಲ್ಲ ಮನೆಗಳಲ್ಲೂ ಹೀಗೇ ನಡೆಯುತ್ತಿತ್ತು. ಸೀರೆ ಬಿದ್ದ ಮಡಿಲು ಮಾತಾಡುತ್ತಿರಲಿಲ್ಲ. ಸಪ್ಪಲಮ್ಮ ಒಮ್ಮೆ ತಲೆಯೆತ್ತಿ ಅಪ್ಪನನ್ನು ನೋಡಿದಳು. ಅಪ್ಪ ಎದ್ದು ಹೋಗಿ ಎತ್ತಿನ ಮೈ ಉಜ್ಜತೊಡಗಿದ. ಆಗಲೇ ಉಜ್ಜಿದ ಎತ್ತು ಅದು. ರಿಜಿಸ್ಟ್ರಾಫೀಸಿನಲ್ಲಿ ಕೂಸು ಅಳುತ್ತಿತ್ತು, ಇವನು ಅದನ್ನು ಎತ್ತಿಕೊಂಡ, ಅವಳ ಕೈ ಬಿಡುವಾಗಲಿ ಎಂದು. ಗುಮಾಸ್ತ ಅವಳ ಎಡಗೈ ಹೆಬ್ಬೆಟ್ಟಿಗೆ ಶಾಯಿ ಹಚ್ಚಿದ. “ಎಲ್ಲಿ ಒತ್ಬೇಕು ಅಣ್ಣಯ್ಯ?” ಎಂದು ಕೇಳಿದಳು. ಇವನು ಬೆರಳು ಮಾಡಿ ತೋರಿಸಿದ. ಒತ್ತಿ, ಹೆಬ್ಬೆಟ್ಟನ್ನು ತಲೆಗೂದಲಿಗೆ ಒರೆಸಿಕೊಂಡಳು. ಆಮೇಲೆ ಹೋಟೆಲಿನಲ್ಲಿ ದೋಸೆ ತಿನ್ನುತ್ತ, “ಸೀರೆ ಚೆನ್ನಾಗೈತೆ” ಎಂದು ನಕ್ಕಳು. ಅವಳಿಗೆ ಗೊತ್ತಿತ್ತೇ? ಗೊತ್ತಿದ್ದೇ ಅಂದಳೇ? ಆ ನಗುವಿನಲ್ಲಿ ಏನಿತ್ತು? ವರ್ಷವರ್ಷವೂ ಗೌರಿ ಬಾಗಿನವನ್ನು ಅವನು ಯಾರ ಕೈಯಲ್ಲಾದರೂ ಕಳಿಸುತ್ತಾನೆ. ಹೋಗಿ ಕೊಡುವುದಿಲ್ಲ. ಮಂಡಿನೋವು ಎನ್ನುತ್ತಾನೆ. ಮಂಡಿನೋವು ಬರುವ ಮೊದಲು ಪಿಜಿಯ ಕೆಲಸ ಎನ್ನುತ್ತಿದ್ದ.

“ಅಪ್ಪಾ, ಕಾಳು ಹಿಚುಕ್ತಿದೀರೋ, ಕಾಳಿನ್ ಜೊತೆ ಜಗಳ ಆಡ್ತಿದೀರೋ?” ಶೃತಿ ಚಪ್ಪಲಿ ಬಿಡುತ್ತ ನಿಂತಿದ್ದಳು. ಬೋಗುಣಿಗೆ ಕೈ ಹಾಕಿ ನಾಲ್ಕು ಕಾಳು ತಾನೂ ಚಿಮ್ಮಿಸಿದಳು. ಒಂದು ಅವನ ಕೆನ್ನೆಗೆ ಹಾರಿತು. ಚಿಕ್ಕ ಹುಡುಗಿಯಂತೆ ನಕ್ಕಳು. ಇವಳಿಗೇನೂ ಗೊತ್ತಿಲ್ಲ ಎಂದುಕೊಂಡ. ಅಥವಾ ಎಲ್ಲ ಗೊತ್ತಿದ್ದು ಅಣ್ಣನ ಜೊತೆ ಮಾತಾಡಿಕೊಂಡೇ ಬಂದಿದ್ದಾಳೆ, ತನ್ನೊಬ್ಬನಿಗೆ ಮಾತ್ರ ಮುಚ್ಚಿಟ್ಟಿದ್ದಾರೆ. ಕೇಳಿಬಿಡಬಹುದಿತ್ತು. ಹೇಳಿಬಿಡಬಹುದಿತ್ತು, ದೇವರ ಮನೆಯಲ್ಲಿ ಹಿಂಗೊಂದು ಸೀರೆ ಐತೆ ಮಗಾ ಎಂದು. ಬಾಯಿ ತೆರೆದ. “ಬಿಸಿಲು ಜಾಸ್ತಿಯಾ?” ಎಂದ. “ಜನವರೀಲಿ ಎಂಥ ಬಿಸ್ಲು ಅಪ್ಪ,” ಎಂದು ಅವಳು ಒಳಗೆ ಹೋದಳು. ಊಟದಲ್ಲಿ ಹೇಮಶ್ರೀ ನಾದಿನಿಗೆ ಕೇಳದೆಯೇ ತುಪ್ಪ ಹಾಕಿದಳು, ಮತ್ತೊಮ್ಮೆ ಹಾಕಿದಳು. ಕೆಂಪರಾಜು ಆ ತುಪ್ಪದ ಚಮಚವನ್ನೇ ನೋಡುತ್ತಿದ್ದ. ತಾನು ಹಿಚುಕಿದ ಬೇಳೆ ತನ್ನ ತಟ್ಟೆಯಲ್ಲೇ ತಣ್ಣಗಾಯಿತು.

ಟಿವಿಯಲ್ಲಿ ಚಿದಾನಂದನ ಮುಖ ಬಂತು, ದಪ್ಪ ಕೋಟು, ಕೆಂಪು ಮೂಗು. “ನಮಸ್ಕಾರ ಅಂಕಲ್! ಹೆಂಗಿದೀರಾ? ಇಲ್ಲಿ ಸಖತ್ ಚಳಿ.” ಆಮೇಲೆ ಮುಖ ಹೋಗಿ ಮನೆ ಬಂತು. ಚಪ್ಪಲಿ ಬಿಡುವ ಜಾಗ ಒಂದು ಮೆಟ್ಟಿಲಷ್ಟು ತಗ್ಗಿನಲ್ಲಿ. ಪುಟ್ಟ ಅಡುಗೆಮನೆ. ಮಂಡಿ ಮಡಿಸಿ ಕೂರಬೇಕಾದಂಥ ಸ್ನಾನದ ತೊಟ್ಟಿ. ಬಾಲ್ಕನಿಯಲ್ಲಿ ಬಟ್ಟೆ ಹರವುವ ಕಂಬಿ, ಆಚೆ ದೂರದಲ್ಲಿ ಸದ್ದಿಲ್ಲದೆ ಹರಿದುಹೋದ ರೈಲು. ಎಲ್ಲ ಬಿಳುಪು, ಎಲ್ಲ ಚೊಕ್ಕಟ. ಇಷ್ಟು ಚೊಕ್ಕಟವಾಗಿದ್ದರೆ ಏನೋ ತೊಳೆದಿದ್ದಾರೆ ಎನ್ನಿಸಿತು. ಗೋಡೆಗೆ ಕಾಗದ ಅಂಟಿಸಿದ್ದರು. ಅದರ ಹಿಂದೆ ಬಿರುಕಿದ್ದರೆ? ವಾಸನೆ ನೋಡುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ.

“ಆ ಗೋಡೆ ಒಸಿ ಕುಟ್ಟಿ ತೋರ್ಸಪ್ಪ,” ಎಂದ ಕೆಂಪರಾಜು.

“ಅಪ್ಪ!” ಎಂದ ರವಿಕಿರಣ.

“ಇರ್ಲಿ ಬಿಡೋ, ಅಂಕಲ್ ಕರೆಕ್ಟಾಗೇ ಕೇಳ್ತಿದಾರೆ.” ಚಿದಾನಂದ ಕುಟ್ಟಿದ. ಟಿವಿಯಲ್ಲಿ ಬಂದದ್ದು ಟಿವಿಯದೇ ಸದ್ದು.

“ಮೂಡಲಿಗೆ ಯಾರವ್ರೆ?”

“ಮೂಡಲು ಅಂದ್ರೆ… ಈಸ್ಟ್ ಅಲ್ವಾ? ಈಸ್ಟಿಗೆ ಲಿಫ್ಟು ಅಂಕಲ್.”

“ಪಡುವಲಿಗೆ?”

“ಪಡುವಲಿಗೆ ಗಾಳಿ. ಬಾಲ್ಕನಿ ಆದ್ಮೇಲೆ ಏನೂ ಇಲ್ಲ.”

ಶೃತಿ ಕಿಸಕ್ಕನೆ ನಕ್ಕಳು. “ಅಪ್ಪಂಗೆ ಚೆಕ್ಕುಬಂದಿ ಬೇಕು ಕಣೋ ಚಿದಾ, ನಾಕ್ ಕಡೆ ಯಾರ್ಯಾರು ಅಂತ. ಇಲ್ದಿದ್ರೆ ನಿದ್ದೆ ಬರಲ್ಲ.”

“ಮೇಲೆ ಯಾರು, ಕೆಳಗೆ ಯಾರು?” ಕೆಂಪರಾಜು ನಗಲಿಲ್ಲ.

“ಮೇಲೆ ಒಬ್ರು ಅಜ್ಜಿ. ಕೆಳಗೆ ಖಾಲಿ.”

“ಯಾಕ್ ಖಾಲಿ?”

“ಅಪ್ಪ, ಸಾಕು. ಚಿದಾ, ನೀನು ಆ ರೂಮು ತೋರ್ಸು.” ಮಗನ ಕಿವಿ ಕೆಂಪಾಗಿತ್ತು. ಪರರ ಮುಂದೆ ತಾನು ಹಳ್ಳಿಗುಗ್ಗುವಾದೆನೆಂಬುದು ಕೆಂಪರಾಜುವಿಗೆ ತಿಳಿಯಿತು. ಹೊಸ ಪಂಚೆಯ ಗಂಜಿ ತೊಡೆಗೆ ಚುಚ್ಚುತ್ತಿತ್ತು.

ಚಿತ್ರ ತಿರುಗಿತು. ಖಾಲಿ ಕೋಣೆ. ಅದರ ಮೂಲೆಯಲ್ಲಿ, ಬಾಗಿಲಿನ ಪಕ್ಕ, ಒಬ್ಬ ಮುದುಕಿ ನಿಂತಿದ್ದಳು. ನರೆತ ಕೂದಲು, ತಗ್ಗಿಸಿದ ತಲೆ, ಎದೆಗವಚಿಕೊಂಡಂತೆ ಎರಡು ಕೈಯಲ್ಲೂ ಹಿಡಿದ ಒಂದು ಬಟ್ಟೆಯ ಗಂಟು. ಹಸಿರು ಬಟ್ಟೆ. ಅವಳು ಇವರ ಕಡೆಗೆ, ಟಿವಿಯೊಳಗಿನಿಂದಲೇ, ಸೊಂಟದವರೆಗೆ ಬಾಗಿದಳು. ಯಾರೂ ಅವಳ ಬಗ್ಗೆ ಏನೂ ಹೇಳಲಿಲ್ಲ. ಹೇಳಬಾರದೆಂದೇ ಹೇಳಲಿಲ್ಲವೇ? ಕೆಂಪರಾಜು ಎದ್ದು ನಿಂತಿದ್ದ. ತಾನು ಎದ್ದದ್ದು ಅವನಿಗೆ ಗೊತ್ತಾಗಲಿಲ್ಲ.

“ಆಯಮ್ಮ ಯಾರಪ್ಪ? ಮಾರೋವ್ನ ತಂಗಿಯಾ?”

“ಆಂ, ಅಂಕಲ್?”

“ಸೈನಿಗೆ ಕರ್ಕೊಂಬಂದವ್ರಾ? ಕೇಳೋ ಆಯಮ್ಮನ್ನ, ಅವ್ಳಿಗೆ ಒಪ್ಪಿಗೆ ಐತಾ ಅಂತ. ಸುಮ್ನೆ ಸೀರೆ ಕೊಟ್ಟು ನಿಲ್ಸವ್ರೆ ನೋಡು.”

ಚಿದಾನಂದ ಹೋ ಎಂದು ನಕ್ಕ. ಚಿತ್ರವೇ ಅಲುಗಾಡಿತು. “ಅಯ್ಯೋ ಅಂಕಲ್! ಇವ್ರು ಬಿಲ್ಡಿಂಗ್ ನೋಡ್ಕೊಳೋರು. ಬೀಗದ್ ಕೈ ತಂದ್ಕೊಟ್ರು, ವಾಪಸ್ ಇಸ್ಕೊಂಡ್ ಹೋಗಕ್ಕೆ ನಿಂತಿದಾರೆ. ಅದು ಸೀರೆ ಅಲ್ಲ, ಊಟದ ಡಬ್ಬಿ! ಬಟ್ಟೇಲಿ ಕಟ್ಕೊಂಡಿರ್ತಾರೆ.” ಶೃತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮುದುಕಿಯೂ ಏನೂ ತಿಳಿಯದೆ ನಕ್ಕು ಮತ್ತೊಮ್ಮೆ ಬಾಗಿದಳು. ಅವನಲ್ಲದೆ ನಗದೆ ಇದ್ದವರು ಇನ್ನಿಬ್ಬರು. ಹೇಮಶ್ರೀ ಸೆರಗಿನ ಅಂಚು ಮಡಿಸುತ್ತಿದ್ದಳು. ರವಿಕಿರಣ ರಿಮೋಟಿನ ಗುಂಡಿ ಒತ್ತಿದ. ಟಿವಿಯಲ್ಲಿ ಮರಳಿ ಮುಖ ತೋರಿದ ಚಿದಾನಂದ ದನಿಯಿಲ್ಲದೆ ನಗುತ್ತಲೇ ಉಳಿದ.

ಶೃತಿಯ ನಗು ತಾನಾಗಿಯೇ ಇಳಿಯಿತು. ಅವಳು ಅಣ್ಣನ ಮುಖ ನೋಡಿದಳು, ಅತ್ತಿಗೆಯ ಬೆರಳು ನೋಡಿದಳು. “ಸೀರೆ ಯಾಕೆ ಬಂತು ಮಧ್ಯ?” ಎಂದಳು. ಎದ್ದು ನೇರ ದೇವರ ಮನೆಗೆ ಹೋದಳು. ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಎಲ್ಲಿಡುತ್ತಾರೆಂದು ಗೊತ್ತಿರುತ್ತದೆ. ಬಾಗಿಲಲ್ಲೇ ನಿಂತಳು, ಒಳಗೆ ಕಾಲಿಡಲಿಲ್ಲ.

“ಏನಿಲ್ಲ ಪುಟ್ಟಿ,” ರವಿಕಿರಣ ಹಿಂದೆಯೇ ಹೋದ. “ಲಾಯರು ಹೇಳಿದ್ರು, ತಾತನ ಆಸ್ತಿ ಅಲ್ವಾ, ನಿಂದೂ ಒಂದು ಸೈನ್ ಬೇಕಂತೆ. ಫಾರ್ಮಾಲಿಟಿ ಅಷ್ಟೇ. ತವರಿಂದ ಬರಿಗೈಲಿ ಕಳಿಸ್ಬಾರ್ದು ಅಂತ…”

“ಫಾರ್ಮಾಲಿಟಿಗೆ ಹಸಿರು ಸೀರೆ. ಬಳೆನೂ ತಂದಿದೀಯೇನೋ? ಮಡಿಲಿಗೆ ಅಕ್ಕಿ? ಅದಕ್ಕೇ ಅತ್ತಿಗೆ ಅಷ್ಟೊಂದ್ ತುಪ್ಪ ಸುರಿದ್ರು.”

“ಶೃತಿ, ಹಂಗಲ್ಲ ಕಣೇ,” ಎಂದಳು ಹೇಮಶ್ರೀ. ಅವಳ ದನಿಯಲ್ಲೀಗ ಬೆಲ್ಲವಿರಲಿಲ್ಲ, ಹೆದರಿಕೆಯಿತ್ತು. “ನಮ್ಮಪ್ಪನ ಮನೇಲೂ ನಂಗೆ ಹಿಂಗೇ ಕೊಟ್ರು.”

ಶೃತಿ ತಿರುಗಿ ಅಪ್ಪನನ್ನು ನೋಡಿದಳು. “ನಿಮಗೆ ಗೊತ್ತಿತ್ತಾ?”

“ಬೆಳಿಗ್ಗೆ ನೋಡ್ದೆ.”

“ಬೆಳಿಗ್ಗೆ ನೋಡಿದ್ರಿ.” ಅವಳು ಆ ಮಾತನ್ನು ಬಾಯಲ್ಲಿ ಒಮ್ಮೆ ಹೊರಳಿಸಿದಳು. “ನೋಡ್ಬಿಟ್ಟು ಅವರೆಕಾಳು ಹಿಚುಕ್ತಾ ಕೂತಿದ್ರಿ. ಬಿಸಿಲು ಜಾಸ್ತಿಯಾ ಅಂದ್ರಿ.”

ಬೆಳಗಿನಿಂದ ಅವನು ಎಲ್ಲರನ್ನೂ ಶೋಧಿಸಿ ನೋಡಿದ್ದ, ಮಗನನ್ನು, ಸೊಸೆಯನ್ನು, ಚಮಚವನ್ನು, ಜಪಾನಿನ ಗೋಡೆಯನ್ನು. ಈಗ ಅದೇ ಕಣ್ಣು ತಿರುಗಿ ತನ್ನನ್ನು ನೋಡುತ್ತಿತ್ತು, ಮಗಳ ಮುಖದಲ್ಲಿ ಕೂತು. ಆಗಲೇ ಉಜ್ಜಿದ ಎತ್ತಿನ ಮೈಯನ್ನು ಅಪ್ಪ ಮತ್ತೆ ಮತ್ತೆ ಉಜ್ಜಿದ್ದು ನೆನಪಾಯಿತು. ಎಷ್ಟು ಹೊತ್ತು ಉಜ್ಜಿದ್ದನೋ. ಎತ್ತಿನ ಆ ಕಡೆಯಿಂದ ಅವನ ತಲೆಯಷ್ಟೇ ಕಾಣುತ್ತಿತ್ತು. ಕೆಂಪರಾಜು ಮಗಳನ್ನು ದಾಟಿಕೊಂಡು ದೇವರ ಮನೆಗೆ ಹೋಗಿ ಸೀರೆಯನ್ನು ಕವರಿನೊಳಕ್ಕೆ ತಳ್ಳಿ ಕಂಕುಳಿಗೆ ಸಿಕ್ಕಿಸಿದ.

“ಇವ್ಳು ಸೈನ್ ಹಾಕಲ್ಲ ಕಣೋ ರವಿ.”

“ನಾನ್ ಹಾಕ್ತೀನೋ ಇಲ್ವೋ, ಅದನ್ನ ನಾನ್ ಹೇಳ್ತೀನಿ ಅಪ್ಪ,” ಎಂದಳು ಶೃತಿ. ಕೂಗಲಿಲ್ಲ. ತರಗತಿಯಲ್ಲಿ ಹೇಳಿದಂತೆ ಹೇಳಿದಳು.

ಅವನು ತಲೆ ತಗ್ಗಿಸಿದ. “ಸರಿ. ನಂದು ಹೇಳ್ತೀನಿ. ನಾನ್ ಹಾಕಲ್ಲ.”

“ಅಪ್ಪ, ಇಷ್ಟ್ ದೂರ ಬಂದ್ಮೇಲೆ…” ರವಿಕಿರಣನ ಮಾತು ಅಲ್ಲಿಗೇ ನಿಂತಿತು. ಟಿವಿಯಲ್ಲಿ ಚಿದಾನಂದ ಕೈಯಾಡಿಸಿ ಏನೋ ಕೇಳುತ್ತಿದ್ದ. ಹಿಂದೆ ಮುದುಕಿ ಡಬ್ಬಿ ಹಿಡಿದು ತನ್ನ ಬೀಗದ ಕೈಗಾಗಿ ಕಾದಿದ್ದಳು. “ಸೀರೆ ತಗೊಂಡ್ ಎಲ್ಲಿಗೆ?” ಎಂದ ಮಗ.

“ನಿಮ್ಮತ್ತೆ ಮನೆಗೆ.”

ಆಟೋದವನು ಕನ್ನಡಿಯಲ್ಲಿ ಎರಡು ಸಲ ನೋಡಿದ. ಹೊಸ ಪಂಚೆ, ಕಂಕುಳಲ್ಲಿ ಕವರು, ಮುದುಕ ಎಲ್ಲೋ ಮದುವೆಗೆ ಹೊರಟಿದ್ದಾನೆಂದುಕೊಂಡಿರಬೇಕು. ಬನಶಂಕರಿ ದಾಟಿತು. ಇದನ್ನು ಕೊಟ್ಟು ಏನೆನ್ನುವುದು? ತಾನು ಕೊಂಡದ್ದೂ ಅಲ್ಲ. ಹಬ್ಬಕ್ಕೆಂದರೆ ಹಬ್ಬವಿಲ್ಲ. ಸುಮ್ಮನೆ ತಂದೆ ಅಂದರೆ ನಂಬುವಳೇ? ಸುಮ್ಮನೆ ಏನನ್ನಾದರೂ ತಾನು ಯಾವತ್ತು ತಂದಿದ್ದೆ? ಮಗಳ ಪಾಲು ಉಳಿಸಲು ಹೊರಟೆನೋ, ಅವಳ ಕಣ್ಣಿನಿಂದ ತಪ್ಪಿಸಿಕೊಂಡು ಓಡಿದೆನೋ? ತನ್ನ ಕಾಲನ್ನೇ ಅವನು ಅನುಮಾನದಿಂದ ನೋಡಿದ. ಇವೂ ಅಪ್ಪನ ಕಾಲಿನಂತೆ ಎತ್ತಿನ ಕಡೆಗೇ ಹೋಗುತ್ತಿರುವ ಕಾಲುಗಳೋ ಏನೋ. ಇಳಿದುಬಿಡಬೇಕೆನ್ನಿಸಿತು. ಆಟೋ ಉತ್ತರಹಳ್ಳಿ ರಸ್ತೆಯಿಂದ ಒಳಕ್ಕೆ ಹೊರಳಿತು.

ಸಪ್ಪಲಮ್ಮ ಮಗನ ಮನೆಯ ಮೆಟ್ಟಿಲ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಆಟೋ ನಿಂತದ್ದನ್ನು ಕಂಡು ಕಣ್ಣು ಕಿರಿದು ಮಾಡಿದಳು. ಅಣ್ಣನೆಂದು ಗುರುತು ಸಿಕ್ಕಾಗ ಮುಖ ಅರಳಿತು, ಎಳೆಯ ಹುಡುಗಿಯ ಹಾಗೆ, ಒಂದೇ ಒಂದು ಗಳಿಗೆ. “ಅಣ್ಣಯ್ಯ! ಮಂಡಿನೋವು ಅಂತಿದ್ದೆ, ಬಾ, ಕೂತ್ಕೊ ಬಾ.” ಆಮೇಲೆ ಅವಳ ಕಣ್ಣು ಕಂಕುಳಿನ ಕವರಿನ ಮೇಲೆ ಬಿತ್ತು. ಹೊರಗೆ ಇಣುಕಿದ್ದ ಹಸಿರು ಅಂಚಿನ ಮೇಲೆ ನಿಂತಿತು. ಅವನ ಹಿಂದೆ ಇನ್ನು ಯಾರಾದರೂ ಇಳಿಯುತ್ತಾರೋ ಎಂದು ಆಟೋದ ಕಡೆ ನೋಡಿದಳು. ಯಾರೂ ಇರಲಿಲ್ಲ. ಮುಖ ಮೆಲ್ಲಗೆ ಮುಚ್ಚಿಕೊಂಡಿತು. ಕೋಪವೇನೂ ಕಾಣಲಿಲ್ಲ.

ಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು. ಸೊನೆ ಹತ್ತಿ ಕಪ್ಪಗಾಗಿದ್ದ ಎಡಗೈ ಹೆಬ್ಬೆಟ್ಟನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡಳು.

“ಇನ್ನೂ ಏನೋ ಉಳ್ಕೊಂಡಿತ್ತಾ ಅಣ್ಣಯ್ಯ? ಕೊಡು, ಎಲ್ಲಿ ಒತ್ಬೇಕು?”

ಕೆಂಪರಾಜು ಬಾಯಿ ತೆರೆದ. ಅವನ ಬಳಿ ಯಾವ ಕಾಗದವೂ ಇರಲಿಲ್ಲ. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.